ಅವ್ವನ ಆರೈಕೆಗೆ ಎರಡು ಕೇಂದ್ರ: ಯಾವುದನ್ನು ನಂಬಬೇಕು?

ಲಕ್ವಾ ಹೊಡೆದು ಅವ್ವ ಹಾಸಿಗೆ ಹಿಡಿದಾಗ ಕಲಬುರಗಿಯಲ್ಲಿ ಎರಡು ಕೇಂದ್ರ ನೋಡಿದೆ. ಒಂದು ಹೊಸ ಕಟ್ಟಡ, ಕೋಣೆಗೊಂದು ಏಸಿ. ಇನ್ನೊಂದು ಶಹಾಬಾದ್ ಕಲ್ಲು ಹಾಸಿದ ಹಳೇ ಮನೆ, ಬರೀ ಕೂಲರ್. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಏಸಿ ಸಣ್ಣ ಮಾತಲ್ಲ, ಒಪ್ಪುತ್ತೇನೆ.

ಹಗಲು ಎರಡೂ ಚೆಂದವೇ ಕಂಡವು. ಅದಕ್ಕೇ ರಾತ್ರಿ ಮತ್ತೆ ಹೋದೆ. ಹೊಸದರಲ್ಲಿ 18 ಮಂದಿಗೆ ಒಬ್ಬಳೇ ಆಯಾ. "ನರ್ಸ್ ಫೋನ್ ಮಾಡಿದ್ರ ಬರ್ತಾರ್ರೀ" ಅಂದಳು. ಪಾಪ, ಅವಳ ತಪ್ಪೇನಿಲ್ಲ. ಹಳೆಯದರಲ್ಲಿ 12 ಮಂದಿಗೆ ಒಬ್ಬ ನರ್ಸ್, ಇಬ್ಬರು ಆಯಾಗಳು ಎಚ್ಚರವಿದ್ದರು.

ಮಲಗಿದಲ್ಲೇ ಇರುವವರನ್ನು ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು, ಹಿಮ್ಮಡಿ ಹುಣ್ಣಾಗುತ್ತವೆ. ಹಳೆಯದರಲ್ಲಿ ಮಂಚಕ್ಕೆ ಕಟ್ಟಿದ ಹಾಳೆಯಲ್ಲಿ "8 ಎಡ, 10 ಬಲ" ಎಂದು ಪೆನ್ನಿನಲ್ಲಿ ಬರೆದಿತ್ತು. ಹೊಸದರಲ್ಲಿ ಒಬ್ಬ ಅಜ್ಜಿಯ ಹಿಮ್ಮಡಿ ಕೆಂಪಾಗಿತ್ತು. ಬೆರಳಿಂದ ಒತ್ತಿದರೂ ಬಿಳಿಚಲಿಲ್ಲ. ಹುಣ್ಣು ಶುರುವಾಗುವುದೇ ಹಾಗೆ. ನನಗೆ ಅಲ್ಲೇ ಮನಸ್ಸು ಮುರಿಯಿತು.

ಕಳೆದ ವರ್ಷ ಯಾರಾದರೂ ಬಿದ್ದರಾ ಎಂದು ಕೇಳಿದೆ. ಹೊಸದರವರು "ಒಬ್ಬರೂ ಇಲ್ಲ" ಅಂದರು. ಹಳೆಯದರವರು ರಿಜಿಸ್ಟರ್ ತೆರೆದು 3 ಸಲ ಎಂದು ತೋರಿಸಿದರು, ಆಮೇಲೆ ಬಚ್ಚಲಿಗೆ ಹಾಕಿಸಿದ ಹಿಡಿಕೆಗಳನ್ನೂ ತೋರಿಸಿದರು. ಬರೆದಿಡುವವರನ್ನು ನಾನು ಹೆಚ್ಚು ನಂಬುತ್ತೇನೆ.

ಚಿಕಿತ್ಸೆ ಕೊಡುವ ನರ್ಸಿಂಗ್ ಹೋಮ್ ಆದರೆ ಕೆಪಿಎಂಇ (ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಕೇಳಿ. ಹಿರಿಯರಿಗೆ ತೊಂದರೆಯಾದರೆ ಸಹಾಯವಾಣಿ 14567.

ತಾವೇ ಓಡಾಡುವ ಹಿರಿಯರಿಗೆ ಹೊಸದು ಸಾಕಾದೀತು. ಹಾಸಿಗೆ ಹಿಡಿದವರಿಗೆ ಬೇಡ. ಖರ್ಚು ತುಸು ಹೆಚ್ಚಾದರೂ ಅವ್ವ ಹಳೇ ಮನೆಯಲ್ಲೇ ಇದ್ದಾಳೆ.