ಐರ್ಲೆಂಡ್‌ನಲ್ಲಿ ಮಕ್ಕಳ ಕ್ಲಬ್‌ಗೆ ಜರ್ಸಿ ಮಾಡಿಸುವವರೇ, ಚಿತ್ರ ನೋಡಿ ದುಡ್ಡು ಕಳಿಸಬೇಡಿ

ಐರ್ಲೆಂಡ್‌ನಲ್ಲಿರುವ ನಮ್ಮವರು, ಅದರಲ್ಲೂ ಮಕ್ಕಳನ್ನು ಜಿಎಎ (ಐರ್ಲೆಂಡ್‌ನ ಗೇಲಿಕ್ ಕ್ರೀಡಾ ಸಂಘ) ಕ್ಲಬ್‌ಗೆ ಸೇರಿಸಿ ಆಮೇಲೆ ಕಮಿಟಿಯವರು ಕೇಳಿದರು ಅಂತ ಏನೋ ಒಂದು ಜವಾಬ್ದಾರಿ ತಲೆ ಮೇಲೆ ಎಳೆದುಕೊಂಡವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಜರ್ಸಿ ಮಾಡಿಸುವ ಕೆಲಸ ನಿಮ್ಮ ಪಾಲಿಗೆ ಬಂದಿದ್ದರೆ ಎರಡು ಸಲ ಓದಿ. ಕಂಪ್ಯೂಟರ್‌ನಲ್ಲಿ ಬಿಡಿಸಿದ ಜರ್ಸಿ ಚಿತ್ರ ನೋಡಿ ಒಂದು ಸೆಂಟ್ ಕೂಡ ಕಳಿಸಬೇಡಿ. ಬಟ್ಟೆ ಕೈಗೆ ಬರಬೇಕು. ಬಟ್ಟೆ. ಚಿತ್ರ ಅಲ್ಲ.

ನಮಗೆ ಮೋಸ ಮಾಡಿದ ಕಂಪನಿಯ ಹೆಸರು ಹಾಕುತ್ತಿಲ್ಲ. ಹಾಕಿದರೂ ಏನು ಬಂತು, ಆಗಲೇ ಹೆಸರು ಬದಲಾಯಿಸಿಕೊಂಡು ಕೂತಿದ್ದಾರೆ.

ನನ್ನ ಮಗ ಅಂಡರ್-9ನಲ್ಲಿ ಐರ್ಲೆಂಡ್‌ನದೇ ಆಟವಾದ ಗೇಲಿಕ್ ಫುಟ್‌ಬಾಲ್ ಆಡುತ್ತಾನೆ. ಈ ಆಟದಲ್ಲಿ ಆಟಗಾರರಿಗೆ ಸಂಬಳ ಅನ್ನೋದೇ ಇಲ್ಲ. ಡಬ್ಲಿನ್‌ನ ಕ್ರೋಕ್ ಪಾರ್ಕ್ ಮೈದಾನದಲ್ಲಿ ಆಲ್-ಐರ್ಲೆಂಡ್ ಫೈನಲ್ ಆಡುವವರೂ ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡುತ್ತಾರೆ. ಇನ್ನು ಮಕ್ಕಳ ತಂಡ ಅಂದರೆ ಕೇಳಬೇಕೇ, ಹುಲ್ಲು ಕತ್ತರಿಸುವುದರಿಂದ ಹಿಡಿದು ಕ್ಲಬ್ ಲೋಟೋ ಟಿಕೆಟ್ ಮಾರುವವರೆಗೆ ಎಲ್ಲ ಅಪ್ಪ ಅಮ್ಮಂದಿರೇ. ನಾನೂ ಗಾರ್ಡಾ ವೆಟಿಂಗ್ (ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಇಲ್ಲಿನ ಪೊಲೀಸರ ಹಿನ್ನೆಲೆ ತಪಾಸಣೆ) ಮಾಡಿಸಿಕೊಂಡು ಶನಿವಾರ ಬೆಳಿಗ್ಗೆ ಕೋನ್ ಜೋಡಿಸಲು ನಿಲ್ಲುತ್ತಿದ್ದೆ. ಈ ಸೀಸನ್‌ಗೆ ಹೊಸ ಜರ್ಸಿ ಬೇಕಿತ್ತು. ಊರಿನ ಗ್ಯಾರೇಜ್ ಮಾಲೀಕರು ಸ್ಪಾನ್ಸರ್ ಅಂತ 1,000 ಯೂರೋ ಕೊಟ್ಟರು. ಉಳಿದದ್ದು ಪೋಷಕರು ಹಾಕಿಕೊಳ್ಳುವುದು ಅಂತಾಯಿತು.

ಇಲ್ಲಿ ಸಾಮಾನ್ಯವಾಗಿ ಹೇಗೆ ನಡೆಯುತ್ತದೆ ಅಂತ ನಿಮಗೆ ಗೊತ್ತೇ ಇದೆ. 1918ರಿಂದ ಇರುವ ಓ'ನೀಲ್ಸ್‌ನಂಥ ಹಳೆಯ ಕಂಪನಿಗೋ, ಅದೇ ಥರದ ಇನ್ನೊಬ್ಬರಿಗೋ ಹೇಳಿದರೆ ಅಳತೆ ನೋಡಲು ಸ್ಯಾಂಪಲ್ ಸಿಗುತ್ತದೆ. ಮಕ್ಕಳು ಹಾಕಿ ನೋಡುತ್ತಾರೆ. ಅರ್ಧ ದುಡ್ಡು ಮೊದಲು, ಅರ್ಧ ಆಮೇಲೆ. ಆದರೆ ಸೀಸನ್ ಶುರುವಾಗುವ ಹೊತ್ತಿಗೆ ಎಲ್ಲರಿಗೂ ಒಟ್ಟಿಗೇ ಜರ್ಸಿ ಬೇಕು, ಹಾಗಾಗಿ ಕಾಯಬೇಕು. ಅಷ್ಟರಲ್ಲಿ ಜರ್ಸಿ ಮಾಡಿಕೊಡ್ತೀನಿ ಅಂತ ಈ ಪುಣ್ಯಾತ್ಮ ಸಿಕ್ಕಿದ. ಒಂದು ಜರ್ಸಿಗೆ 24 ಯೂರೋ, ಮೂರೇ ವಾರ, ಪೂರ್ತಿ ಸಬ್ಲಿಮೇಶನ್ ಪ್ರಿಂಟ್, 'ನಮ್ಮದು ಐರಿಶ್ ಕಂಪನಿ, ಜಿಎಎ ಲೈಸೆನ್ಸ್ ಇದೆ'. ಜಿಎಎಯಲ್ಲಿ ಆಟದ ಜರ್ಸಿ ಐರ್ಲೆಂಡ್‌ನಲ್ಲೇ ತಯಾರಾಗಿರಬೇಕು ಅಂತ ನಿಯಮ ಇದೆ. ಲೈಸೆನ್ಸ್ ಇರುವ ತಯಾರಕರು ಇಂಥವರೇ ಅಂತಲೂ ಇದೆ. ನಮ್ಮ ಸೆಕ್ರೆಟರಿ ಮೊದಲು ಕೇಳಿದ್ದೇ ಅದನ್ನು. ಲೈಸೆನ್ಸ್ ಪತ್ರ ಕಳಿಸಿ ಅಂದೆ. 'ನೋ ಬಾದರ್ ಅಟ್ ಆಲ್, ಸಂಜೆಯೊಳಗೆ ಕಳಿಸ್ತೀನಿ' ಅಂದ. ಬಂದದ್ದು ಪತ್ರ ಅಲ್ಲ, ಜರ್ಸಿಯ ಚಿತ್ರ. ಎಂಥಾ ಚಿತ್ರ ಅಂತೀರಿ! ಮರೂನ್ ಬಣ್ಣ, ಬಿಳಿ ಕಾಲರ್, ಎದೆ ಮೇಲೆ ಕ್ಲಬ್ ಲಾಂಛನ, ತೋಳಿನ ಮೇಲೆ ಜಿಎಎ ಗುರುತು ಕೂಡ. ಎಲ್ಲರೂ ನೋಡಿ ಖುಷಿಪಟ್ಟರು. ಕಮಿಟಿಯಲ್ಲಿ ಒಪ್ಪಿಗೆ ಆಯಿತು.

45 ಜರ್ಸಿಗೆ 1,080 ಯೂರೋ. ಬಿಲ್ ಬಂದಾಗ ಅದರ ಮೇಲೆ 23% ವ್ಯಾಟ್ ಸೇರಿಸಿ 1,328.40. ಇಲ್ಲಿ ಚಿಕ್ಕ ಮಕ್ಕಳ ಬಟ್ಟೆಗೆ, ಅಂದರೆ 11 ವರ್ಷದೊಳಗಿನ ಮಕ್ಕಳ ಅಳತೆಯ ಬಟ್ಟೆಗೆ, ವ್ಯಾಟ್ ಸೊನ್ನೆ. ನಮ್ಮದು ಎಲ್ಲಾ 7-8, 9-10 ಸೈಜ್. ಕೇಳಿದ್ದಕ್ಕೆ 'ಕ್ರೀಡಾ ಬಟ್ಟೆಗೆ ಬೇರೆ ನಿಯಮ' ಅಂದ. ಬಿಲ್ ಮೇಲೆ ಅವನ ವ್ಯಾಟ್ ನಂಬರೇ ಇರಲಿಲ್ಲ. ಅಂದರೆ ಆ 248 ಯೂರೋ ಸರ್ಕಾರಕ್ಕೆ ಹೋಗುವ ದುಡ್ಡೇ ಅಲ್ಲ, ಸೀದಾ ಅವನ ಜೇಬಿಗೆ.

ಅರ್ಧ ಕಳಿಸಿದೆವು. ಮಾರನೇ ದಿನವೇ ಮೆಸೇಜ್. ಫ್ಯಾಕ್ಟರಿಯಲ್ಲಿ ಜಾಗ ಕಾದಿರಿಸಬೇಕು, ಪೂರ್ತಿ ಕಟ್ಟದಿದ್ದರೆ ಬೇರೆ ಕ್ಲಬ್‌ನವರಿಗೆ ಹೋಗುತ್ತದೆ, ಬ್ಲಿಟ್ಜ್ ಟೂರ್ನಿಗೆ ಜರ್ಸಿ ಸಿಗಲ್ಲ ಅಂತ. ಖಾತೆ ಸಂಖ್ಯೆ ಐರ್ಲೆಂಡ್‌ನ ಐಇ ಅಂತ ಶುರುವಾಗುತ್ತಿರಲಿಲ್ಲ, ಲಿಥುವೇನಿಯಾದ ಎಲ್‌ಟಿ ಅಂತಿತ್ತು. 2025ರ ಅಕ್ಟೋಬರ್‌ನಿಂದ ಬ್ಯಾಂಕ್‌ಗಳು ಹೆಸರು ತಾಳೆಯಾಗುತ್ತಾ ಅಂತ ತೋರಿಸುತ್ತವಲ್ಲ, ಆಪ್ 'ಹೆಸರು ಹೊಂದುತ್ತಿಲ್ಲ' ಅಂತ ಕೆಂಪು ತೋರಿಸಿತು. ಅದಕ್ಕೂ ಉತ್ತರ ರೆಡಿ ಇತ್ತು: 'ಅದು ನಮ್ಮ ಅಕೌಂಟೆಂಟ್ ಖಾತೆ, ಎಲ್ಲ ಕ್ಲಬ್‌ಗಳೂ ಅಲ್ಲಿಗೇ ಹಾಕೋದು.' ನಂಬಿ ಉಳಿದರ್ಧವನ್ನೂ ಕಳಿಸಿದೆವು.

ಆಮೇಲೆ ಮೂರು ವಾರ ಅಂದದ್ದು ಎಳೀತು, ಎಳೀತು. ಒಮ್ಮೆ ಮಷಿನ್ ಕೆಟ್ಟಿದೆ, ಒಮ್ಮೆ ಕೊರಿಯರ್‌ನವನ ತಪ್ಪು, ಒಮ್ಮೆ ಬ್ಯಾಂಕ್ ಹಾಲಿಡೇ. ಕೊನೆಗೆ ಬ್ಲಿಟ್ಜ್ ಹಿಂದಿನ ಸಂಜೆ ಡಬ್ಬಗಳು ಕ್ಲಬ್‌ಹೌಸ್‌ಗೆ ಬಂದವು. ಮಕ್ಕಳು, ಅಪ್ಪ ಅಮ್ಮಂದಿರು, ಕೋಚ್ ಎಲ್ಲರೂ ಅಲ್ಲೇ ಇದ್ದರು. ಸ್ಪಾನ್ಸರ್ ಕೂಡ ಫೋಟೋಗೆ ಅಂತ ಬಂದಿದ್ದರು. ಎಲ್ಲರ ಎದುರಿಗೇ ಟೇಪ್ ಕತ್ತರಿಸಿದೆ.

ಮರೂನ್ ಅಂತ ಹೇಳಿದ್ದು ಬೀಟ್‌ರೂಟ್ ಪಲ್ಯದ ಬಣ್ಣಕ್ಕೆ ತಿರುಗಿತ್ತು. ಯಾರೂ ಏನೂ ಅನ್ನಲಿಲ್ಲ. ನಾನೇ ಒಂದು ಜರ್ಸಿ ಎತ್ತಿ ಬೆನ್ನಿನ ನಂಬರ್ ಮೇಲೆ ಉಗುರು ಎಳೆದೆ. 7ರ ತುದಿ ಎದ್ದು ಬಂತು! ಸಬ್ಲಿಮೇಶನ್ ಅಂದರೆ ಬಣ್ಣ ನೂಲಿನೊಳಗೇ ಇಳಿದಿರುತ್ತದೆ, ಕೈಯಾಡಿಸಿದರೆ ಬಟ್ಟೆ ಬಿಟ್ಟು ಬೇರೇನೂ ತಾಗಬಾರದು. ಇದು ಬಿಸಿ ಮಾಡಿ ಅಂಟಿಸಿದ ಪ್ಲಾಸ್ಟಿಕ್ ಹಾಳೆ. ಲಾಂಛನವೂ ಅದೇ, ಗ್ಯಾರೇಜ್ ಹೆಸರೂ ಅದೇ. ಕ್ಲಬ್‌ನ ಐರಿಶ್ ಹೆಸರಿನಲ್ಲಿ ಅಕ್ಷರಗಳ ಮೇಲೆ ಬರುವ ಫಾದಾ ಗೀಟುಗಳು ಒಂದೂ ಇಲ್ಲ. ಅವನು ಕಳಿಸಿದ್ದ ಚಿತ್ರದಲ್ಲಿ ಎಲ್ಲವೂ ಇದ್ದವು! ತೋಳಿನ ಮೇಲಿದ್ದ ಜಿಎಎ ಗುರುತು ಮಾಯ. 9-10 ಸೈಜ್ ನನ್ನ ಮಗನ ತಲೆ ದಾಟಿ ಕೆಳಗೆ ಇಳಿಯಲಿಲ್ಲ. ಅವನಿಗೆ ಎಂಟು ವರ್ಷ.

ಇಷ್ಟಾದರೂ ಸಹಿಸಿಕೊಳ್ಳಬಹುದಿತ್ತೇನೋ. ಕಾಲರ್ ಒಳಗೆ ನೋಡಿದರೆ ಲೇಬಲ್ ಕತ್ತರಿಸಿದ ಗುರುತು. ಹೊಲಿಗೆ ಹತ್ತಿರ ಬಿಳಿ ಚೂರು, ಎರಡು ಎಳೆ ದಾರ, ಅಷ್ಟೇ. ಒಂದೊಂದೇ ತಿರುವಿ ನೋಡಿದೆವು, ಎಲ್ಲದರಲ್ಲೂ ಹಾಗೇ. ಒಂದರಲ್ಲಿ ಮಾತ್ರ ಕತ್ತರಿಸುವುದು ಮರೆತಿದ್ದರು. ಅದು ಸಿಕ್ಕಿದ್ದು ಇನ್ನೊಬ್ಬ ಹುಡುಗನ ಅಪ್ಪನಿಗೆ. ಜೋರಾಗಿ ಓದಿದ: ಮೇಡ್ ಇನ್ ಇಂಡಿಯಾ.

ಎಲ್ಲರೂ ನನ್ನ ಕಡೆ ನೋಡಿದರು. ಒಬ್ಬ ನಗುತ್ತಾ 'ನಿನ್ನ ಕಸಿನ್ ಫ್ಯಾಕ್ಟರಿಯಾ?' ಅಂದ. ತಮಾಷೆಗೇ ಅಂದದ್ದು, ಗೊತ್ತು. ಆದರೆ ಎಲ್ಲರೂ ನಗಲಿಲ್ಲ. ಇವನು ಇಂಡಿಯಾದಲ್ಲಿ ಯಾರ ಹತ್ತಿರವೋ ಅಗ್ಗಕ್ಕೆ ಮಾಡಿಸಿ, ಮಧ್ಯೆ ಕಮಿಷನ್ ಹೊಡೆದಿದ್ದಾನೆ ಅಂತ ಇಬ್ಬರು ಮೂವರ ಮುಖದಲ್ಲಿ ಬರೆದಿತ್ತು. ಭೂಮಿ ಬಾಯಿಬಿಡಬಾರದಾ ಅನ್ನಿಸಿತು. ಅಲ್ಲ, ತಿರುಪ್ಪೂರಿನಲ್ಲಿ ಇದಕ್ಕಿಂತ ನೂರು ಪಾಲು ಒಳ್ಳೆಯ ಬಟ್ಟೆ ಹೊಲಿಯುತ್ತಾರೆ. ಹೊಲಿದವರ ಮೇಲೆ ನನಗೆ ಕೋಪವೇ ಇಲ್ಲ. ಅವರಿಗೆ ಎಷ್ಟು ಕೊಟ್ಟನೋ, ಎಂಥ ಬಟ್ಟೆ ಕೊಡಿ ಅಂದನೋ. ಕತ್ತರಿ ತಗೊಂಡು ಕೂತು ಒಂದೊಂದೇ ಲೇಬಲ್ ಕತ್ತರಿಸಿ ಐರಿಶ್ ಅಂತ ಮಾರಿದನಲ್ಲ, ಆ ಮನುಷ್ಯನ ಮೇಲೆ ಕೋಪ.

ಸೆಕ್ರೆಟರಿ ಇದನ್ನು ಹಾಕಿಸಬೇಡಿ ಅಂದರು. ಮಾರನೇ ದಿನ ಮಕ್ಕಳು ಟ್ರೈನಿಂಗ್ ಬಿಬ್ ಹಾಕಿಕೊಂಡು ಆಡಿದರು. ಸ್ಪಾನ್ಸರ್ ಹೆಸರು ಎಲ್ಲೂ ಕಾಣಲಿಲ್ಲ. ಪಾಪ, ಅವರು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಈಗ ಅವನ ಉತ್ತರಗಳು. ಇವನ್ನು ಓದಿಸಲೇಬೇಕು.

ಬಣ್ಣ ಬೇರೆ ಅಂದಿದ್ದಕ್ಕೆ: 'ಸ್ಕ್ರೀನ್‌ನಲ್ಲಿ ಕಾಣುವ ಬಣ್ಣ ಬೇರೆ, ಬಟ್ಟೆಯ ಬಣ್ಣ ಬೇರೆ, ಇದು ಎಲ್ಲರಿಗೂ ಗೊತ್ತಿರುತ್ತೆ.' ನಂಬರ್ ಕಿತ್ತು ಬರುತ್ತಿದೆ ಅಂದಿದ್ದಕ್ಕೆ: 'ಉಗುರಿನಿಂದ ಕಿತ್ತರೆ ಬರದೇ ಇರುತ್ತಾ?' ಫಾದಾ ಎಲ್ಲಿ ಅಂದಿದ್ದಕ್ಕೆ: 'ಅದಿಲ್ಲದೆಯೂ ಓದಬಹುದಲ್ಲ.' ಲೇಬಲ್ ಯಾಕೆ ಕತ್ತರಿಸಿದ್ದು ಅಂದಿದ್ದಕ್ಕೆ, ಕೇಳಿ: 'ಮಕ್ಕಳ ಕುತ್ತಿಗೆಗೆ ಚುಚ್ಚುತ್ತೆ ಅಂತ ನಾವೇ ತೆಗೆದು ಕೊಡ್ತೀವಿ, ಅದಕ್ಕೆ ಎಕ್ಸ್‌ಟ್ರಾ ಚಾರ್ಜ್ ಮಾಡಿಲ್ಲ.' ಎಕ್ಸ್‌ಟ್ರಾ ಚಾರ್ಜ್ ಮಾಡಿಲ್ಲವಂತೆ! ದುಡ್ಡು ವಾಪಸ್ ಕೊಡು ಅಂದಿದ್ದಕ್ಕೆ: 'ಇದು ನಿಮಗೋಸ್ಕರ ಮಾಡಿಸಿದ ಮಾಲು, ಕಾನೂನಿನ ಪ್ರಕಾರ ರಿಟರ್ನ್ ಇಲ್ಲ. ಮುಂದಿನ ಆರ್ಡರ್‌ಗೆ 10% ಡಿಸ್ಕೌಂಟ್ ಕೊಡ್ತೀನಿ.' ಆಮೇಲೆ ಎರಡು ನೀಲಿ ಟಿಕ್ ಮಾತ್ರ.

ಆ ಕಾನೂನಿನ ಮಾತು ಅರ್ಧ ಸತ್ಯ. ಹೆಸರು, ಲಾಂಛನ ಹಾಕಿಸಿ ಮಾಡಿಸಿದ ವಸ್ತುವನ್ನು 'ಮನಸ್ಸು ಬದಲಾಯಿತು' ಅಂತ 14 ದಿನದೊಳಗೆ ವಾಪಸ್ ಕೊಡಲು ಆಗುವುದಿಲ್ಲ, ಅದು ನಿಜ. ಆದರೆ ಹೇಳಿದ್ದು ಒಂದು, ಕೊಟ್ಟಿದ್ದು ಇನ್ನೊಂದು ಆದರೆ 2022ರ ಗ್ರಾಹಕ ಹಕ್ಕುಗಳ ಕಾಯ್ದೆ ಗ್ರಾಹಕರ ಪರವಾಗೇ ಇದೆ. ಸಣ್ಣ ಮೊತ್ತದ ವ್ಯಾಜ್ಯಕ್ಕೆ ಅಂತಿರುವ ಸ್ಮಾಲ್ ಕ್ಲೇಮ್ಸ್‌ ಕೋರ್ಟ್‌ನಲ್ಲಿ 2,000 ಯೂರೋವರೆಗೆ ಕೇಳಬಹುದು, ಶುಲ್ಕ 25 ಯೂರೋ. ಅರ್ಜಿ ತುಂಬಲು ಕೂತೆ. ಎದುರು ಪಾರ್ಟಿಯ ವಿಳಾಸ ಬೇಕು. ಬಿಲ್ ಮೇಲಿದ್ದ ಡಬ್ಲಿನ್ ವಿಳಾಸ ಹುಡುಕಿಕೊಂಡು ಹೋದರೆ, ಅದು ಬಾಡಿಗೆಗೆ ಅಂಚೆ ಪೆಟ್ಟಿಗೆ ಕೊಡುವ ಜಾಗ. ಕಂಪನಿಗಳ ನೋಂದಣಿ ಕಚೇರಿ ಸಿಆರ್‌ಒ ತಾಣದಲ್ಲಿ ಆ ಹೆಸರೇ ಇಲ್ಲ. ಬ್ಯಾಂಕ್‌ನವರು, ಕಾರ್ಡ್‌ನಲ್ಲಿ ಕಟ್ಟಿದ್ದರೆ ಚಾರ್ಜ್‌ಬ್ಯಾಕ್, ಅಂದರೆ ಬ್ಯಾಂಕ್ ಮೂಲಕ ದುಡ್ಡು ವಾಪಸ್, ಕೇಳಬಹುದಿತ್ತು, ನೀವೇ ಟ್ರಾನ್ಸ್‌ಫರ್ ಮಾಡಿದ್ದೀರಲ್ಲ ಅಂದರು. ಗಾರ್ಡಾ ಸ್ಟೇಷನ್‌ನಲ್ಲಿ ದೂರು ಬರೆಸಿಕೊಂಡಿದ್ದಾರೆ.

ಹಾಗಾಗಿ ಹೇಳುತ್ತೇನೆ, ಯಾರೇ ಆಗಲಿ ಒಂದು ಜರ್ಸಿ ಕೈಗೆ ಕೊಡದೆ ದುಡ್ಡು ಕೇಳಿದರೆ ಫೋನ್ ಇಡಿ. ಕಾಲರ್ ಒಳಗೆ ನೋಡಿ, ಲೇಬಲ್ ಇರಲೇಬೇಕು. ನಂಬರ್ ಮೇಲೆ ಉಗುರು ಎಳೆಯಿರಿ, ಅವರೆದುರೇ ಎಳೆಯಿರಿ. ಲೈಸೆನ್ಸ್ ಇದೆ ಅಂದರೆ ಅವನನ್ನೇ ಕೇಳುತ್ತಾ ಕೂರಬೇಡಿ, ನಿಮ್ಮ ಕೌಂಟಿಯ ಜಿಎಎ ಮಂಡಳಿಗೆ, ಅಂದರೆ ಕೌಂಟಿ ಬೋರ್ಡ್‌ಗೆ, ಫೋನ್ ಮಾಡಿ. ಕಾರ್ಡ್ ತೆಗೆದುಕೊಳ್ಳದವನ ಹತ್ತಿರ ಕಾಲುಚೀಲ ಕೂಡ ಕೊಳ್ಳಬೇಡಿ. ಇನ್ನೊಂದು, ಇದು ನಮ್ಮವರಿಗೆ ಮಾತ್ರ: ನಿಮ್ಮೊಬ್ಬರ ಖಾತೆಯಿಂದ ಕಳಿಸಲೇಬೇಡಿ, ಕ್ಲಬ್ ಖಜಾಂಚಿ ಕಳಿಸಲಿ. ನಾಳೆ ಏನಾದರೂ ಆದರೆ ಕಸಿನ್ ಕಥೆ ಶುರುವಾಗುತ್ತದೆ.

ಮೊನ್ನೆ ಪಕ್ಕದ ಕೌಂಟಿಯ ಸ್ನೇಹಿತರೊಬ್ಬರು ಒಂದು ಜಾಹೀರಾತು ಕಳಿಸಿ 'ಇವರು ಹೇಗೆ, ಗೊತ್ತಾ?' ಅಂತ ಕೇಳಿದರು. ಹೊಸ ಹೆಸರು, ಹೊಸ ಲೋಗೋ, ಫೋನ್ ನಂಬರ್ ಮಾತ್ರ ಅದೇ. ಮಧ್ಯದಲ್ಲಿ ದೊಡ್ಡದಾಗಿ ನಮ್ಮ ಕ್ಲಬ್ ಜರ್ಸಿಯ ಚಿತ್ರ, ಅದೇ ಮರೂನ್, ಫಾದಾ ಸಮೇತ. ಕೆಳಗೆ 'ನಮ್ಮ ತೃಪ್ತ ಗ್ರಾಹಕರು' ಅಂತ ಬರೆದಿದ್ದಾನೆ.