ಮಂಡಿ ಲೆಕ್ಕಕ್ಕೆ ಕ್ಯಾಸಿಯೊ ಎಂಜೆ-120ಡಿ: ಕೊಳ್ಳುವ ಮುಂಚೆ ಒತ್ತಿ ನೋಡಿ

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿಯೊಂದರ ರೈಟರ್ ನಾನು. ಹರಾಜು ಮುಗಿದ ತಕ್ಷಣ ರೈತರು ಪಟ್ಟಿ ಕೇಳುತ್ತಾರೆ. ಬಾಕ್ಸ್ ಎಷ್ಟು, ರೇಟ್ ಎಷ್ಟು, ಕೂಲಿ, ಲಾರಿ ಬಾಡಿಗೆ, ಎಲ್ಲಾ ಕ್ಯಾಲ್ಕುಲೇಟರ್ ಮೇಲೇ. ಅದು ತಪ್ಪು ತೋರಿಸಿದರೆ ಪೆಟ್ಟು ಬೀಳುವುದು ಬೆಳೆದವನಿಗೆ.

ಕ್ಯಾಲ್ಕುಲೇಟರ್ ಪರದೆಯಲ್ಲಿ ಒಂದೊಂದು ಅಂಕಿ ಮೂಡುವುದೂ ಏಳು ಸಣ್ಣ ಗೆರೆಗಳಿಂದ. ನನ್ನ ಹಳೆಯದರಲ್ಲಿ ನೂರರ ಜಾಗದ ಮೇಲ್ಗೆರೆ ಹತ್ತುತ್ತಿರಲಿಲ್ಲ. 780 ಇದ್ದರೆ 180 ಅಂತ ಕಾಣುತ್ತಿತ್ತು. ಒಳಗಿನ ಲೆಕ್ಕ ಸರಿ, ಕಾಣುವುದು ಮಾತ್ರ ತಪ್ಪು. ಇಂಥದ್ದು ಬೇಗ ಗೊತ್ತಾಗುವುದಿಲ್ಲ, ಅದೇ ಭಯ.

ಹಾಗಾಗಿ ಎಂಜೆ-120ಡಿ ತರುವಾಗ ಅಂಗಡಿಯಲ್ಲೇ ನಿಂತು ಪರೀಕ್ಷೆ ಮಾಡಿದೆ. ಇದು 12 ಅಂಕಿಯದು. ಪರದೆ ತುಂಬುವ ತನಕ 8 ಒತ್ತಿದೆ. 8ಕ್ಕೆ ಏಳೂ ಗೆರೆ ಬೇಕು. ನಡುಗೆರೆ ಹೋಗಿದ್ದರೆ ಅದು 0 ಆಗುತ್ತದೆ, ಬಲಗಡೆ ಮೇಲಿನದು ಹೋಗಿದ್ದರೆ 6, ಎಡಗಡೆ ಕೆಳಗಿನದು ಹೋಗಿದ್ದರೆ 9. ಆಮೇಲೆ 12345679 ಅನ್ನು 9ರಿಂದ ಗುಣಿಸಿದೆ. ನಡುವೆ 8 ಬಿಟ್ಟಿದೆ, ನೋಡಿಕೊಳ್ಳಿ. ಉತ್ತರ 111111111. ಅದನ್ನೇ 8ರಿಂದ ಗುಣಿಸಿದರೆ 98765432. ಯಾವುದಾದರೂ ಕೀ ಒತ್ತಿದರೂ ಬೀಳದಿದ್ದರೆ, ಅಥವಾ ಒಂದೇ ಒತ್ತಿಗೆ ಎರಡು ಸಲ ಬಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಸೊನ್ನೆ, ಚುಕ್ಕಿ ಬೇರೆ ಒತ್ತಿ ನೋಡಬೇಕು. ಸೋಲಾರ್ ಪಟ್ಟಿಯನ್ನು ಬೆರಳಿಂದ ಮುಚ್ಚಿದೆ, ಅಂಕಿ ಮಾಸಲಿಲ್ಲ. ಅಂದರೆ ಒಳಗೆ ಬ್ಯಾಟರಿ ಚೆನ್ನಾಗಿದೆ.

ಒಂದು ವಿಷಯಕ್ಕೆ ಜನ ಸುಮ್ನೆ ಗಾಬರಿಯಾಗುತ್ತಾರೆ. 2 + 3 × 4 ಒತ್ತಿದರೆ ಫೋನಿನಲ್ಲಿ 14, ಇದರಲ್ಲಿ 20. ಇದು ಕೆಟ್ಟಿಲ್ಲ. ಈ ತರದ ಅಂಗಡಿ ಕ್ಯಾಲ್ಕುಲೇಟರ್ ಒತ್ತಿದ ಸಾಲಲ್ಲೇ ಲೆಕ್ಕ ಮಾಡುತ್ತದೆ, ಫೋನು ಗುಣಾಕಾರ ಮೊದಲು ಮಾಡುತ್ತದೆ. 1ನ್ನು 3ರಿಂದ ಭಾಗಿಸಿ ಮತ್ತೆ 3ರಿಂದ ಗುಣಿಸಿದರೆ 0.99999999999 ಬರುವುದೂ ಹಾಗೇ. ಪರದೆಯಲ್ಲಿ ಜಾಗ ಅಷ್ಟೇ ಇರುವುದು, ಅಲ್ವಾ?

ನನಗೆ ಜಾಸ್ತಿ ಇಷ್ಟವಾದದ್ದು ಚೆಕ್ ಕೀ. ಉದ್ದ ಕೂಡಿಕೆ ಮುಗಿದ ಮೇಲೆ ಒಂದೊಂದೇ ಅಂಕಿಯನ್ನು ಹಿಂದಕ್ಕೆ ಹೋಗಿ ನೋಡಬಹುದು, ತಪ್ಪಿದ್ದರೆ ಅಲ್ಲೇ ತಿದ್ದಬಹುದು. ರೈತರು "ಇನ್ನೊಂದ್ ಸಲ ನೋಡಣ್ಣ" ಅಂದರೆ ಮೊದಲಿಂದ ಒತ್ತುವ ಕೆಲಸ ಇಲ್ಲ. ಅವರ ಕಣ್ಣೆದುರೇ ಒಂದೊಂದಾಗಿ ತೋರಿಸುತ್ತೇನೆ.

ಅಂಗಿ ಜೇಬಿಗೆ ಹಿಡಿಸುವುದಿಲ್ಲ, ಮೇಲೆ ಮುಚ್ಚಳವೂ ಇಲ್ಲ. ಮಂಡಿ ಧೂಳಿಗೆ ಪ್ಲಾಸ್ಟಿಕ್ ಕವರ್ ಹಾಕಿ ಇಟ್ಟಿದ್ದೇನೆ. ಓಡಾಡುತ್ತಾ ಲೆಕ್ಕ ಮಾಡುವವರು ಚಿಕ್ಕದನ್ನು ನೋಡಲಿ. ಮೇಜಿನ ಮುಂದೆ ಕೂತು ಪಟ್ಟಿ ಬರೆಯುವವರಿಗೆ ಇದನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ.