ಕಿಟಕಿಯಿಲ್ಲದ ಬಚ್ಚಲಿಗೆ 4 ಇಂಚಿನ ಇನ್‌ಲೈನ್ ಫ್ಯಾನ್: ಕಾರವಾರದ ಎರಡು ಮಳೆಗಾಲ ಕಳೆದ ಮೇಲೆ

ಪೈಪಿನ ಸಾಲಿನಲ್ಲೇ ಕೂರಿಸಿ ಬಚ್ಚಲ ಹಬೆಯನ್ನು ಹೊರಗೆಳೆಯುವ ಈ ಇನ್‌ಲೈನ್ ಫ್ಯಾನು ಗಟ್ಟಿ. ಡಬ್ಬದಲ್ಲಿ ಅದರ ಜೊತೆ ಬರುವ ಪೈಪು, ಸ್ಕ್ರೂ, ಮುಚ್ಚಳ ಮಾತ್ರ ನಮ್ಮ ಕರಾವಳಿಗೆ ಆಗಿಬರುವುದಿಲ್ಲ. ಇದನ್ನು ತಿಳಿದುಕೊಂಡೇ ಕೊಳ್ಳಬೇಕು.

8 ಅಡಿ ಉದ್ದ, 5 ಅಡಿ ಅಗಲ, 9 ಅಡಿ ಎತ್ತರದ ಬಚ್ಚಲಲ್ಲಿ 360 ಘನ ಅಡಿ ಗಾಳಿ ಇರುತ್ತದೆ. ಗಂಟೆಗೆ ಹತ್ತು ಸಲ ಅದು ಬದಲಾಗಬೇಕೆಂದರೆ ಗಂಟೆಗೆ ಸುಮಾರು 100 ಘನ ಮೀಟರ್ ಎಳೆಯಬೇಕು. ಡಬ್ಬದ ಮೇಲೆ 180 ಎಂದು ಬರೆದಿದೆ. ಅದು ಪೈಪಿಲ್ಲದೆ ಬಯಲಲ್ಲಿ ತಿರುಗಿದಾಗಿನ ಲೆಕ್ಕ. ಜೊತೆಗೆ ಕೊಡುವ ಸುಕ್ಕುಸುಕ್ಕಾದ ಅಲ್ಯೂಮಿನಿಯಂ ಪೈಪು ಫಾಲ್ಸ್ ಸೀಲಿಂಗಿನ ಮೇಲೆ ಜೋತುಬೀಳುತ್ತದೆ. ಜೋತುಬಿದ್ದ ಕಡೆ ಹಬೆ ನೀರಾಗಿ ನಿಂತು ಗಾಳಿಗೆ ಅಡ್ಡವಾಗುತ್ತದೆ. ಅದರ ಬದಲು 110 ಮಿಮೀ ಪಿವಿಸಿ ಪೈಪು ಹಾಕಿಸಿ, ಹೊರಗೋಡೆಯ ಕಡೆಗೆ ಮೀಟರಿಗೆ 1 ಸೆಂಮೀ ಇಳಿಜಾರು ಕೊಡಿ. ತಿರುವು ಬೇಕೇ ಬೇಕಿದ್ದರೆ 90ರ ಬೆಂಡಿಗಿಂತ 45ರ ಎರಡು ಬೆಂಡು ವಾಸಿ. ಫ್ಯಾನಿನ ಬಾಯಿಗೂ ಪೈಪಿಗೂ ನಡುವೆ ರಬ್ಬರ್ ಕಪ್ಲರ್ ಇದ್ದರೆ ರಾತ್ರಿಯ ಗುಂಯ್ ಸದ್ದು ತಗ್ಗುತ್ತದೆ.

ಎಲ್ಲರೂ ಮರೆಯುವುದು ಬಾಗಿಲನ್ನು. ಒಳಗೆ ಗಾಳಿ ಬಾರದೆ ಹೊರಗೆ ಹೋಗುವುದೆಲ್ಲಿಂದ? 75 ಸೆಂಮೀ ಅಗಲದ ಬಾಗಿಲ ಕೆಳಗೆ 2 ಸೆಂಮೀ ಸಂದು ಬಿಟ್ಟರೆ 150 ಚದರ ಸೆಂಮೀ ದಾರಿ ಸಿಗುತ್ತದೆ, ಪೈಪಿನ ಬಾಯಿಯ ಸುಮಾರು ಎರಡರಷ್ಟು. ಪರೀಕ್ಷೆ ಸುಲಭ: ಬಾಗಿಲು ಹಾಕಿ, ಫ್ಯಾನು ಗಾಳಿ ಎಳೆಯುವ ಗ್ರಿಲ್ಲಿಗೆ ಒಂದು ಟಿಶ್ಯೂ ಹಾಳೆ ಹಿಡಿಯಿರಿ. ಸಡಿಲವಾಗಿ ಅಲುಗಾಡುತ್ತಿದ್ದ ಹಾಳೆ ಬಾಗಿಲು ತೆರೆದ ಕೂಡಲೇ ಗಟ್ಟಿಯಾಗಿ ಅಂಟಿಕೊಂಡರೆ ಸಂದು ಸಾಲದು.

ಹೊರಬಾಯಿ ಪಡುವಣಕ್ಕೆ ಬೇಡ. ಜೂನ್‌ನಿಂದ ಆಗಸ್ಟ್‌ವರೆಗೆ ಕಡಲ ಗಾಳಿ ಮುಚ್ಚಳವನ್ನು ಒತ್ತಿ ಹಿಡಿಯುತ್ತದೆ, ಮಳೆನೀರನ್ನೂ ಒಳಗೆ ನೂಕುತ್ತದೆ. ಮೂಡಣಕ್ಕೋ ಒಳಅಂಗಳಕ್ಕೋ ಬಿಡಿ. ಬೇರೆ ದಾರಿಯಿಲ್ಲವೆಂದರೆ ಕೆಳಮುಖದ ಎಲ್ಬೋ ಹಾಕಿಸಿ. ಸೊಳ್ಳೆಜಾಲರಿ ಹಾಕಿದರೆ ದೂಳು ತುಂಬಿ ಕಟ್ಟಿಕೊಳ್ಳುತ್ತದೆ, ಹಕ್ಕಿ ನುಗ್ಗದಷ್ಟು ದೊಡ್ಡ ಕಣ್ಣಿನ ಜಾಲರಿ ಸಾಕು. ಒಮ್ಮುಖ ಮುಚ್ಚಳದ ಕಬ್ಬಿಣದ ಸ್ಪ್ರಿಂಗು ಉಪ್ಪುಗಾಳಿಗೆ ತುಕ್ಕು ಹಿಡಿದು ಅರ್ಧ ತೆರೆದಂತೆಯೇ ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಮುಚ್ಚಳ, 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಸ್ಕ್ರೂ ಹಾಕಿಸಿ; 304 ದರ್ಜೆಯದಕ್ಕೂ ಕಡಲಂಚಿನಲ್ಲಿ ಕಂದು ಚುಕ್ಕೆ ಬರುತ್ತದೆ. ಘಟ್ಟದ ಮೇಲಿನ ಶಿರಸಿಯವರಿಗೆ ಈ ಕಾಟ ಅಷ್ಟಿಲ್ಲ.

ಸ್ವಿಚ್ಚನ್ನು ಲೈಟಿಗೆ ಜೋಡಿಸಿದರೆ ಸ್ನಾನ ಮುಗಿದ ಕೂಡಲೇ ಫ್ಯಾನೂ ನಿಲ್ಲುತ್ತದೆ. ಗೋಡೆಯ ಪಸೆ ಆರುವುದೇ ಆಮೇಲೆ. 20 ನಿಮಿಷ ಹೆಚ್ಚು ಓಡಿಸುವ ಟೈಮರ್ ಹಾಕಿಸಿ. 25 ವ್ಯಾಟಿನ ಫ್ಯಾನು ದಿನಕ್ಕೊಂದು ಗಂಟೆ ಓಡಿದರೆ ತಿಂಗಳಿಗೆ ಮುಕ್ಕಾಲು ಯೂನಿಟ್. ಆಷಾಢದಲ್ಲಿ ಹೊರಗಿನ ಗಾಳಿಯೇ ಒದ್ದೆ, ಹಾಗಾಗಿ ಟವೆಲ್ ಒಣಗೀತೆಂದು ನಿರೀಕ್ಷಿಸಬೇಡಿ. ಬಿಸಿನೀರಿನ ಹಬೆಯಂತೂ ಹೋಗುತ್ತದೆ, ಸೀಲಿಂಗಿನ ಮೂಲೆಯ ಕಪ್ಪು ಬೂಸ್ಟು ಮರಳಿ ಬಂದಿಲ್ಲ.

ಮೂರು ತಿಂಗಳಿಗೊಮ್ಮೆ ಮೇನ್ ಆಫ್ ಮಾಡಿ ರೆಕ್ಕೆ ಒರೆಸಿ; ಒಂದೇ ಬದಿಗೆ ದೂಳು ಕಟ್ಟಿದರೆ ಸಮತೋಲ ತಪ್ಪಿ ಬೇರಿಂಗ್ ಸವೆಯುತ್ತದೆ.

ಬಚ್ಚಲೊಳಗೆ ಗ್ಯಾಸ್ ಗೀಸರ್ ಇದ್ದರೆ ಈ ಫ್ಯಾನು ನಂಬಿ ಕೂರಬೇಡಿ. ಅದು ಉರಿಯ ಹೊಗೆಯನ್ನು ಕೋಣೆಯೊಳಕ್ಕೇ ಎಳೆಯಬಹುದು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಜೀವ ಹೋಗುತ್ತದೆ. ಮೊದಲು ಗೀಸರನ್ನು ಹೊರಗಿನ ಗಾಳಿಯಾಡುವ ಜಾಗಕ್ಕೆ ಸಾಗಿಸಿ, ಆಮೇಲೆ ಫ್ಯಾನು ಕೊಳ್ಳಿ.